ಇವತ್ತು ಎಷ್ಟು?

ಹಾಸ್ಟೆಲ್ ಕಾರಿಡಾರ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳಿಸೋ ಬೈಗುಳ ‘ಲೇ ಕಜ್ಜಿ ನಾಯಿ’. ಬೈದವನೂ ನಗ್ತಾನೆ, ಬೈಸಿಕೊಂಡವನೂ ನಗ್ತಾನೆ. ನಮ್ಮನೆಯ ಐದು ಜನರಿಗೆ ಮಾತ್ರ ಆ ಮಾತು ಕೇಳಿದರೆ ನಗು ಬರಲ್ಲ. ಯಾಕಂದ್ರೆ ನಾಲ್ಕು ವರ್ಷದಿಂದ ನಮ್ಮ ಗೇಟಿನ ಮುಂದೆ ಹಾದುಹೋಗೋರು ಅದನ್ನ ನಿಜವಾದ ಅರ್ಥದಲ್ಲೇ ಹೇಳ್ತಿದ್ದಾರೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಜ್ಜಿ, ಅಪ್ಪ, ಅಮ್ಮ, ಅಣ್ಣ, ತಂಗಿ. ಐವರಲ್ಲಿ ಒಬ್ಬ ಈಗ ಹಾಸ್ಟೆಲ್‌ನಲ್ಲಿದ್ದಾನೆ, ಇದನ್ನ ಟೈಪ್ ಮಾಡ್ತಿರೋನು ಅವನೇ. ಆದರೆ ಕಥೆ ಐವರದ್ದು, ಹಾಗಾಗಿ ‘ನಾವು’.

2020ರ ಲಾಕ್‌ಡೌನ್ ಸಮಯದಲ್ಲಿ ಒಂದು ಲ್ಯಾಬ್ರಡಾರ್ ಮರಿ ಮನೆಗೆ ಬಂತು. ಬ್ರೂನೋ ಅಂತ ಹೆಸರಿಟ್ವಿ. ಅಜ್ಜಿ ಬಾಯಲ್ಲಿ ಅದು ಎರಡೇ ದಿನಕ್ಕೆ ‘ಬೂರಣ್ಣ’ ಆಯ್ತು. ಅವನೂ ಎರಡು ಹೆಸರಿಗೂ ಬಾಲ ಆಡಿಸೋಕೆ ಕಲಿತ.

ಮುಂದಿನ ವರ್ಷದ ಮಳೆಗಾಲದಲ್ಲಿ ಶುರುವಾಯ್ತು. ಮೊದಲು ಪಾದ ನೆಕ್ಕೋದು. ಆಮೇಲೆ ಕಿವಿ ಕೊಡವೋದು. ಆಮೇಲೆ ಹೊಟ್ಟೆ, ಕಂಕುಳು ಕೆಂಪಾಗಿ, ಕೂದಲು ಉದುರಿ, ಚರ್ಮ ದಪ್ಪಗಾಗಿ ಕಪ್ಪಾಯ್ತು. ಹತ್ತಿರ ಹೋದರೆ ಒಂಥರಾ ಮುಗ್ಗಲು ವಾಸನೆ. ರಾತ್ರಿ ಎರಡು ಗಂಟೆಗೆ ಕೆರೆದುಕೊಳ್ಳುವಾಗ ಅವನ ಕಾಲು ನೆಲಕ್ಕೆ ಬಡಿಯೋ ಟಕ್ ಟಕ್ ಸದ್ದು ಎಲ್ಲಾ ಕೋಣೆಗೂ ಕೇಳ್ತಿತ್ತು. ಯಾರೂ ಏಳ್ತಿರಲಿಲ್ಲ. ಯಾರೂ ನಿದ್ದೆಯನ್ನೂ ಮಾಡ್ತಿರಲಿಲ್ಲ.

ಔಷಧಿ ಹೇಳೋರಿಗೇನು ಬರ? ಅಜ್ಜಿ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದ್ರು. ಪಕ್ಕದ ಮನೆಯವರು ಹೊಂಗೆ ಎಣ್ಣೆ ಕೊಟ್ರು. ಗ್ಯಾರೇಜಿನವರು, ‘ಗಾಡಿದು ವೇಸ್ಟ್ ಆಯಿಲ್‌ಗೆ ಗಂಧಕ ಬೆರೆಸಿ ಬಳೀರಿ, ಮೂರೇ ದಿನ’ ಅಂದ್ರು. ನಾಚಿಕೆ ಬಿಟ್ಟು ಹೇಳ್ತೀವಿ, ಆ ಕ್ಯಾನ್ ನಮ್ಮ ಕೊಟ್ಟಿಗೆವರೆಗೂ ಬಂದಿತ್ತು. ‘ಅವನು ನೆಕ್ಕಿದ್ರೆ?’ ಅಂತ ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ ಅದು ಅಲ್ಲೇ ಉಳೀತು. ಓಡಿದ ಎಂಜಿನ್ನಿನ ಆಯಿಲ್‌ನಲ್ಲಿ ಸವೆದ ಲೋಹದ ಕಣ, ಸುಟ್ಟ ಮಡ್ಡಿ ಎಲ್ಲಾ ಇರುತ್ತೆ ಅಂತ ನಮಗೆ ಬೇರೆ ಹೇಳಬೇಕಾ? ಅದನ್ನ ಬಿರಿದ ಚರ್ಮಕ್ಕೆ ಬಳಿಯೋದು ವಿಷ ಬಳಿದ ಹಾಗೇ.

ಕೊನೆಗೆ ಕಾರಿನ ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟ್ ಹಾಸಿ ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ವಿ. ಡಾಕ್ಟರ್ ಬ್ಲೇಡಿನಿಂದ ಚರ್ಮ ಮೆಲ್ಲಗೆ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು. ಕಜ್ಜಿ ಹುಳ ಇರಲಿಲ್ಲ. ಅಂದ್ರೆ ಊರವರು ಹೇಳ್ತಿದ್ದ ‘ಅಂಟು ಕಜ್ಜಿ’ ಅದಲ್ಲ. ಯೀಸ್ಟ್ ಇತ್ತು, ವಾಸನೆ ಅದರದ್ದು. ‘ಆದರೆ ಯೀಸ್ಟ್ ಬರೀ ಬಾಡಿಗೆದಾರ, ಒಳಗೆ ಬಿಟ್ಟಿರೋದು ಅಲರ್ಜಿ’ ಅಂದ್ರು. ಅಲರ್ಜಿ ಊಟದ್ದಾ ಅಥವಾ ಧೂಳಿನ ಹುಳ, ಬೂಷ್ಟು, ಹೂವಿನ ಪರಾಗದಂಥದ್ದಾ ಅಂತ ತಿಳಿಯೋಕೆ ಒಂದೇ ದಾರಿ. ಎಂಟು ವಾರ ಅವನು ಹಿಂದೆ ತಿಂದೇ ಇರದ ಊಟ ಮಾತ್ರ. ನಮ್ಮ ಪಾಲಿಗೆ ಬಂದಿದ್ದು ಮೀನು ಮತ್ತು ಗೆಣಸು. ಕೋಳಿ ಇಲ್ಲ, ಮೊಟ್ಟೆ ಇಲ್ಲ, ಹಾಲು ಮೊಸರಿಲ್ಲ, ಬಿಸ್ಕತ್ತಿಲ್ಲ.

ಆರನೇ ವಾರಕ್ಕೂ ತುರಿಕೆ ಹಾಗೇ ಇತ್ತು. ‘ಬೇರೆ ಏನೂ ಕೊಟ್ಟಿಲ್ಲ ತಾನೇ?’ ಅಂತ ಡಾಕ್ಟರ್ ಕೇಳಿದ್ರು. ‘ಇಲ್ಲ’ ಅಂದ್ವಿ, ಐದೂ ಜನ, ಒಟ್ಟಿಗೆ.

ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದ್ವಿ. ಬೂರಣ್ಣ ಕಾರಿನ ಕಿಟಕಿಗೆ ಮುಖ ಒತ್ತಿಕೊಂಡು, ತಟ್ಟೆಯಲ್ಲಿದ್ದ ಬನ್ನನ್ನೇ ನೋಡ್ತಿದ್ದ. ಆಗ ಒಬ್ಬೊಬ್ಬರದ್ದೇ ಹೊರಗೆ ಬಂತು. ದಿನಾ ಬೆಳಿಗ್ಗೆ ಕಾಫಿ ಜೊತೆ ಒಂದೇ ಒಂದು ಬಿಸ್ಕತ್ತು. ಊಟ ಆದ ಮೇಲೆ ಒಂದು ತುತ್ತು ಮೊಸರನ್ನ. ಭಾನುವಾರ ಕಡುಬು ಕೋಳಿಸಾರು ಮಾಡಿದಾಗ ಟೇಬಲ್ ಕೆಳಗೆ ಒಂದು ತುಂಡು. ತೋಟದಿಂದ ಬರುವಾಗ ಅರ್ಧ ಬನ್ನು. ಪ್ರತಿಯೊಬ್ಬರೂ ‘ನಾನೊಬ್ಬನೇ ತಾನೇ’, ‘ನಾನೊಬ್ಬಳೇ ತಾನೇ’ ಅಂದುಕೊಂಡಿದ್ವಿ. ಯಾರು ಏನು ಕೊಟ್ರು ಅಂತ ಇಲ್ಲಿ ಬರೆಯಲ್ಲ. ಕೊಟ್ಟಿದ್ದು ನಾವು.

ಮೊದಲ ದಿನದಿಂದ ಮತ್ತೆ ಎಂಟು ವಾರ ಶುರು ಮಾಡಿದ್ವಿ. ಈ ಸಲ ಯಾರೂ ಕದ್ದು ಕೊಡಲಿಲ್ಲ. ಬೂರಣ್ಣ ಒಬ್ಬೊಬ್ಬರ ಕಾಲ ಬಳಿ ಹೋಗಿ ಕೂತು, ಕಾದು, ಎದ್ದು ಇನ್ನೊಬ್ಬರ ಹತ್ತಿರ ಹೋಗ್ತಿದ್ದ. ಅಜ್ಜಿ ಕಾಫಿ ಲೋಟ ಹಿಡ್ಕೊಂಡು ಹಿತ್ತಲಿಗೆ ಹೋಗೋಕೆ ಶುರು ಮಾಡಿದ್ರು. ಎಂಟು ವಾರ ಮುಗೀತು. ತುರಿಕೆ ಕಮ್ಮಿ ಆಗಲಿಲ್ಲ. ಊಟ ಅಲ್ಲ ಅಂತಾಯ್ತು. ಡಾಕ್ಟರ್ ‘ಅಟೋಪಿ’ ಅಂತ ಬರೆದ್ರು. ಗಾಳಿ, ಧೂಳು, ಬೂಷ್ಟಿನಲ್ಲಿರೋದಕ್ಕೆ ಅವನ ಮೈ ಸುಮ್ಮಸುಮ್ಮನೆ ಜಗಳಕ್ಕೆ ನಿಲ್ಲುತ್ತೆ. ‘ವಾಸಿ ಆಗಲ್ಲ. ಬಿಪಿ, ಶುಗರ್ ಥರ ಹತೋಟಿಯಲ್ಲಿ ಇಟ್ಕೊಬೇಕು.’

ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟಿಲ್ಲದ ಜಾಗ ಎಲ್ಲಿಂದ ತರೋದು?

ಪ್ರೆಡ್ನಿಸೋಲೋನ್ ಕೊಟ್ಟ ಮೊದಲ ರಾತ್ರಿ ಟಕ್ ಟಕ್ ಸದ್ದು ನಿಂತುಹೋಯ್ತು. ಎಷ್ಟು ನಿಶ್ಶಬ್ದ ಅಂದ್ರೆ, ಅವನು ಉಸಿರಾಡ್ತಿದ್ದಾನಾ ಅಂತ ಇಬ್ಬರು ಎದ್ದು ಹೋಗಿ ನೋಡಿದ್ವಿ. ನಾಲ್ಕಾಣೆ ಮಾತ್ರೆ, ದೇವರ ಪ್ರಸಾದ ಅನ್ನಿಸ್ತು. ತಿಂಗಳು ಕಳೆಯೋದರೊಳಗೆ ಬಕೆಟ್‌ಗಟ್ಟಲೆ ನೀರು ಕುಡಿಯೋಕೆ ಶುರು ಮಾಡಿದ. ಪಡಸಾಲೆಯಲ್ಲೇ ಉಚ್ಚೆ. ಅವಮಾನ ಆದವನ ಹಾಗೆ ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ತಿದ್ದ. ಹಸಿವು ಹೆಚ್ಚಾಯ್ತು, ಹೊಟ್ಟೆ ಜೋತುಬಿತ್ತು, ಏದುಸಿರು. ಮಾತ್ರೆ ಕಮ್ಮಿ ಮಾಡಿದ್ರೆ ತುರಿಕೆ ವಾಪಸ್. ಒಂದೇ ಸಲ ನಿಲ್ಲಿಸೋಹಾಗೂ ಇಲ್ಲ. ಹೊರಗಿಂದ ಸ್ಟೆರಾಯ್ಡ್ ಬರ್ತಿದ್ರೆ ಮೈಯೊಳಗಿನ ಗ್ರಂಥಿ ತನ್ನ ಕೆಲಸ ಮರೆತಿರುತ್ತೆ, ಅದಕ್ಕೆ ಎಚ್ಚರ ಆಗೋಕೆ ಸಮಯ ಬೇಕು.

ಓಕ್ಲಾಸಿಟಿನಿಬ್ ಅನ್ನೋ ಇನ್ನೊಂದು ಮಾತ್ರೆ ಇದೆ ಅಂದ್ರು ಡಾಕ್ಟರ್. ಸ್ಟೆರಾಯ್ಡ್ ಅಲ್ಲ. ತುರಿಕೆಯ ಸಂದೇಶವನ್ನೇ ತಡೆಯುತ್ತೆ. ಆದರೆ ದಿನಾ ಕೊಟ್ರೆ ತಿಂಗಳ ಖರ್ಚು ನಮ್ಮ ಹಾಸ್ಟೆಲ್ ಮೆಸ್ ಬಿಲ್ಲಿಗಿಂತ ಜಾಸ್ತಿ. ಆ ವರ್ಷ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬೇರೆ ಬಿದ್ದಿತ್ತು. ಮರಗಳಿಗೂ ಔಷಧಿ, ನಾಯಿಗೂ ಔಷಧಿ. ಕಾಲೇಜ್ ಫೀಸ್ ಕಟ್ಟೋದು ಎದುರಿಗಿತ್ತು.

ಅದೇ ಹೊತ್ತಿಗೆ ಮನೆಗೆ ಬಂದ ನೆಂಟರೊಬ್ಬರು, ‘ಯಾಕೆ ಅದನ್ನ ನರಳಿಸ್ತೀರಾ? ಒಂದು ಇಂಜೆಕ್ಷನ್ ಕೊಡಿಸಿ, ಅದಕ್ಕೂ ಮುಕ್ತಿ, ನಿಮಗೂ ಮುಕ್ತಿ’ ಅಂದ್ರು. ಅವರು ಹೋದ ಮೇಲೆ ನಮ್ಮಲ್ಲಿ ಒಬ್ಬರು ಆ ಮಾತನ್ನ ಮತ್ತೆ ಎತ್ತಿದ್ರು. ಉಳಿದವರು ಜೋರಾಗಿ ಬೈದ್ವಿ. ಜೋರಾಗಿ ಬೈದಿದ್ದಕ್ಕೆ ಕಾರಣ ಇತ್ತು. ರಾತ್ರಿ ಎರಡು ಗಂಟೆಗೆ ಆ ಯೋಚನೆ ಎಲ್ಲರಿಗೂ ಒಂದಲ್ಲ ಒಂದು ದಿನ ಬಂದಿತ್ತು. ಅವನು ಕಷ್ಟಪಡಬಾರದು ಅಂತ ಬಂದಿತ್ತಾ, ನಾವು ಆ ಸದ್ದು ಕೇಳಬಾರದು ಅಂತ ಬಂದಿತ್ತಾ? ಇವತ್ತಿಗೂ ಖಚಿತವಾಗಿ ಹೇಳೋಕಾಗಲ್ಲ.

ಡಾಕ್ಟರ್ ಹತ್ತಿರವೇ ಕೇಳಿದ್ವಿ. ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ಊಟ ಮಾಡ್ತಾನಾ? ನೀವು ಬಂದ್ರೆ ಬಾಲ ಆಡಿಸ್ತಾನಾ? ರಾತ್ರಿ ಎಷ್ಟು ಹೊತ್ತು ಮಲಗ್ತಾನೆ? ಒಂದು ನೋಟ್‌ಬುಕ್ ಇಡಿ. ತುರಿಕೆಗೆ ದಿನಾ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ. ಮನಸ್ಸು ಒಂದು ಕೆಟ್ಟ ರಾತ್ರಿಯನ್ನೇ ಇಡೀ ತಿಂಗಳು ಅಂದುಕೊಳ್ಳುತ್ತೆ’ ಅಂದ್ರು.

ಆ ನೋಟ್‌ಬುಕ್ಕೇ ನಿರ್ಧಾರ ಮಾಡಿಸಿತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಏಳು, ಎಂಟು, ಒಂಬತ್ತು. ಚಳಿ, ಬೇಸಿಗೆಯಲ್ಲಿ ಮೂರು, ನಾಲ್ಕು. ಅಂದ್ರೆ ವರ್ಷಪೂರ್ತಿ ಅಲ್ಲ, ಮಳೆಗಾಲ ದಾಟಿಸಬೇಕು. ದುಬಾರಿ ಮಾತ್ರೆ ಆ ಐದು ತಿಂಗಳಿಗೆ, ಮಧ್ಯೆ ರಕ್ತಪರೀಕ್ಷೆ. ಉಳಿದ ದಿನ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯೋದು, ಬೆರಳ ಸಂದಿಯೆಲ್ಲಾ ಒಣಗಿಸೋದು, ಕಿವಿ ಒರೆಸೋದು. ಕಾಲೇಜಿಗೆ ಅಂತ ಮಾತಾಗಿದ್ದ ಸೆಕೆಂಡ್ ಹ್ಯಾಂಡ್ ಬೈಕ್ ಬರಲಿಲ್ಲ. ಅದಕ್ಕೆ ಕೆಲವು ದಿನ ಬೂರಣ್ಣನ ಮೇಲೆ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳೋದು. ಅವನಿಗೆ ಬೈಕಿನ ವಿಷಯ ಗೊತ್ತಿರಲಿಲ್ಲ, ಎಂದಿನ ಹಾಗೆ ಚಪ್ಪಲಿ ಕಚ್ಕೊಂಡು ಎದುರು ಬಂದ.

ನಾವು ಎಂಜಿನಿಯರಿಂಗ್‌ನೋರಿಗೆ ಒಂದು ಅಭ್ಯಾಸ. ಪ್ರಾಬ್ಲಮ್ ಕೊಟ್ರೆ ಕೊನೆಯಲ್ಲಿ ಉತ್ತರ ಬರೆದು ಡಬ್ಬಿ ಹಾಕಬೇಕು. ಇಲ್ಲಿ ಡಬ್ಬಿ ಹಾಕೋಕೆ ಏನೂ ಇಲ್ಲ. ಅವನ ಹೊಟ್ಟೆ ಕೆಳಗಿನ ಚರ್ಮ ಇನ್ನೂ ಕಪ್ಪಗೇ ಇದೆ. ಮುಂದಿನ ಜೂನ್‌ಗೆ ಮತ್ತೆ ಲೆಕ್ಕ ಹಾಕಬೇಕು. ಯಾವತ್ತೋ ಒಂದಿನ ಆ ನೋಟ್‌ಬುಕ್ ಬೇರೆ ಉತ್ತರವನ್ನೇ ಹೇಳಬಹುದು ಅನ್ನೋದೂ ಗೊತ್ತು. ಆಗ ಮಂಡಗದ್ದೆಯಲ್ಲಿ ಒಪ್ಪಿಕೊಂಡ ಹಾಗೆ ಅದನ್ನೂ ಒಟ್ಟಿಗೇ ಒಪ್ಪಿಕೊಳ್ತೀವಿ.

ನಮ್ಮ ಕ್ಯಾಂಪಸ್‌ನಲ್ಲೂ ಕೂದಲು ಉದುರಿದ ಒಂದೆರಡು ನಾಯಿಗಳಿವೆ. ಆಯಿಲ್ ಬಳಿಯೋಕೆ ಯಾರಾದರೂ ಹೊರಟರೆ ದಯವಿಟ್ಟು ತಡೀರಿ, ಡಾಕ್ಟರಿಗೆ ತೋರಿಸಿ. ಅವಕ್ಕೆ ನಿಜವಾದ ಕಜ್ಜಿಯೇ ಆಗಿದ್ರೂ ಅದಕ್ಕೆ ಒಳ್ಳೇ ಔಷಧಿ ಇದೆ.

ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅನ್ನೋದಕ್ಕೂ ಮೊದಲು ಕೇಳೋದು ‘ಇವತ್ತು ಎಷ್ಟು?’

ನಿನ್ನೆ ತಂಗಿ ‘ನಾಲ್ಕು’ ಅಂದಳು. ಹಿಂದಿನಿಂದ ಅಜ್ಜಿ ಧ್ವನಿ: ‘ಎಲ್ಲಿ ನಾಲ್ಕು? ಮೂರು ಬರಿ ಮಾರಾಯ್ತಿ. ನನ್ನ ಕಾಲ ಬುಡದಲ್ಲೇ ಗೊರಕೆ ಹೊಡೀತಿದಾನೆ.’