ಮನೆ/ಜಗಲಿ/ದೀಪ

ಆಷಾಢದ ಮಳೆಗೆ ನಮ್ಮೂರಲ್ಲಿ ಮೊದಲು ಹೋಗುವುದು ನೆಟ್ಟು, ಆಮೇಲೆ ಕರೆಂಟು. ತೀರ್ಥಹಳ್ಳಿ ಕಡೆಯಿಂದ ಬರುವ ಫೈಬರ್ ಕೇಬಲ್ಲು ಕಂಬ ಸಿಕ್ಕಲ್ಲಿ ಕಂಬಕ್ಕೆ, ಸಿಗದಲ್ಲಿ ಮರಕ್ಕೆ ಸುತ್ತಿಕೊಂಡು ನಮ್ಮನೆ ತನಕ ಬಂದಿದೆ. ಒಂದು ಕೊಂಬೆ ಮುರಿದರೆ ಸಾಕು, ಮೂರು ನಾಲ್ಕು ದಿನ ಹೊರಗಿನ ಸುದ್ದಿಯಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ ಕರೆಂಟಿತ್ತು, ನೆಟ್ ಇರಲಿಲ್ಲ. ಜಗಲಿಯ ದೀಪಕ್ಕೆಂದು ತರಿಸಿದ್ದ ಪುಟ್ಟ ವೈಫೈ ಪೆಟ್ಟಿಗೆಯನ್ನು ನಾನು ಅಟ್ಟದ ಮೇಲೆ ಕೂರಿಸಿ, ಗೋಡೆಯ ಹಳೇ ಸ್ವಿಚ್ಚು ತೆಗೆದು ತಂತಿಯನ್ನು ನೇರ ಕೊಟ್ಟಿದ್ದೆ. ಫೋನಿನಲ್ಲಿ ಎಷ್ಟು ಸಲ ಒತ್ತಿದರೂ ಸಾಧನ ಆಫ್‌ಲೈನ್ ಎಂದೇ ಬರುತ್ತಿತ್ತು. ಅಪ್ಪಯ್ಯ ಕವಳದ ಹರಿವಾಣ ಎದುರಿಟ್ಟುಕೊಂಡು ಕತ್ತಲಲ್ಲಿ ಕೂತಿದ್ದರು. ಸ್ವಲ್ಪ ಹೊತ್ತು ನೋಡಿ ಕೇಳಿದರು:

“ದೀಪ ಇಲ್ಲೇ ಇದೆ. ಕರೆಂಟೂ ಇದೆ. ನೀನೂ ಇಲ್ಲೇ ನಿಂತಿದೀಯ. ಮತ್ತೆ ಇಲ್ಲದೇ ಇರೋದು ಯಾರು ಮಾರಾಯ?”

ಏಣಿ ಹಾಕಿ, ಬ್ಯಾಟರಿ ಹಿಡಿದು ಅಟ್ಟ ಹತ್ತಿ, ಮೇನ್ ಆಫ್ ಮಾಡಿ ಹಳೇ ಸ್ವಿಚ್ಚನ್ನೇ ಮತ್ತೆ ಕೂರಿಸಿದೆ. ದೀಪ ಹತ್ತಿತು. ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು.

ಇಲ್ಲದೇ ಇದ್ದವನು ಯಾರೆಂದು ಹುಡುಕುತ್ತ ಹೋದರೆ ಸಿಗುವುದು ಆ ಪೆಟ್ಟಿಗೆ ಮಾಡಿದ ಕಂಪನಿಯ ಸರ್ವರ್. ಜಗಲಿಯಲ್ಲಿ ನಿಂತು ನಾನು ಫೋನು ಒತ್ತಿದರೆ ಆ ಮಾತು ರೌಟರಿಗೆ ಹೋಗಿ, ಅಲ್ಲಿಂದ ಕೇಬಲ್ಲಿನಲ್ಲಿ ಊರು ದಾಟಿ, ಎಲ್ಲೋ ಒಂದು ಡೇಟಾ ಸೆಂಟರ್ ಮುಟ್ಟಿ, ಅಲ್ಲಿಂದ ಅಪ್ಪಣೆ ಪಡೆದು ಅದೇ ದಾರಿಯಲ್ಲಿ ಹಿಂದೆ ಬಂದು, ನನ್ನ ತಲೆಯ ಮೇಲೆ ಹತ್ತು ಅಡಿ ದೂರದಲ್ಲಿರುವ ಪೆಟ್ಟಿಗೆಗೆ ತಿಳಿಯಬೇಕು. ಮಾಡಿದವರಿಗೆ ಇದರಲ್ಲಿ ಅನುಕೂಲವಿದೆ, ಕೊಳ್ಳುವವರಿಗೂ ಇದೆ. ಬೆಂಗಳೂರಿನಲ್ಲಿ ಕೂತು ಊರ ಮನೆಯ ದೀಪ ಹಚ್ಚಬಹುದು, ರೌಟರಿನ ಗೊಡವೆಗೆ ಹೋಗಬೇಕಾಗಿಲ್ಲ. ಆದರೆ ಮನೆಯೊಳಗಿನ ಮಾತು ಮನೆಯೊಳಗೇ ಮುಗಿಯುವ ದಾರಿಯೊಂದನ್ನು ಉಳಿಸಬಹುದಿತ್ತು. ಅದನ್ನು ಉಳಿಸದೇ ಹೋದದ್ದು ನನಗೆ ಸಣ್ಣ ತಪ್ಪೆಂದು ಕಾಣುವುದಿಲ್ಲ.

ಏಕೆಂದರೆ ಕೊಂಬೆ ಮುರಿದರೆ ಲೈನ್‌ಮನ್ ಬರುತ್ತಾನೆ, ಕಂಪನಿಯೇ ಮುರಿದರೆ ಯಾರೂ ಬರುವುದಿಲ್ಲ. ಅಮೆರಿಕದಲ್ಲಿ ಮನೆಯ ಸಾಧನಗಳನ್ನೆಲ್ಲ ಒಂದೆಡೆ ಜೋಡಿಸುವ ರಿವಾಲ್ವ್ ಎಂಬ ಹಬ್ ಇತ್ತು, 299 ಡಾಲರಿನದು. 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಅದನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಕೆಟ್ಟಿರದ ಪೆಟ್ಟಿಗೆಗಳು ಒಂದೇ ದಿನ ಕೆಲಸಕ್ಕೆ ಬಾರದಾದವು. 2022ರ ಏಪ್ರಿಲಿನಲ್ಲಿ ಅಂಥದೇ ಹಬ್ಬು ಮಾಡುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಮೌನವಾದವು. ಈ ಎರಡನೆಯ ಕತೆಯ ಮುಂದಿನ ಭಾಗ ನನಗೆ ಬಹಳ ಇಷ್ಟ. ಇನ್‌ಸ್ಟಿಯಾನ್ ಹಬ್ಬುಗಳಿಗೆ ಮನೆಯೊಳಗಿನ ಜಾಲದಿಂದಲೂ ಮಾತಾಡಿಸುವ ಬಾಗಿಲೊಂದಿತ್ತು. ಬಳಸುವವರು ಅದನ್ನು ಹೋಂ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶಕ್ಕೆ ಜೋಡಿಸಿಕೊಂಡು ದೀಪ ಹಚ್ಚಿಕೊಂಡರು. ಜೂನ್ ಹೊತ್ತಿಗೆ ಅವರಲ್ಲೇ ಕೆಲವರು ಸೇರಿ ಆ ಕಂಪನಿಯನ್ನೇ ಕೊಂಡರು.

ನಮ್ಮ ಮನೆಗೂ ಅಂಥದೊಂದು ಬಾಗಿಲು ಬೇಕೆಂದು ನಾನು ಮೊದಲು ಮಾಡಿದ ಕೆಲಸ ಅಟ್ಟದಿಂದ ಇಳಿಸಿದ ಆ ಪೆಟ್ಟಿಗೆಯನ್ನು ಬಿಚ್ಚಿದ್ದು. ಮುಚ್ಚಳದ ಸಂದಿಗೆ ಉಗುರು ಹಾಕಿ ಮೆಲ್ಲಗೆ ಮೀಟಿದರೆ ‘ಚಟ್’ ಎನ್ನುತ್ತದೆ. ಒಳಗೆ ಕರೆಂಟನ್ನು ಕೂಡಿಸಿ ಕಡಿಯುವ ನೀಲಿ ಬಣ್ಣದ ರಿಲೇ, ಒಂದು ಕೆಪಾಸಿಟರ್, ಅಂಚಿನಲ್ಲಿ ಬೆರಳ ತುದಿಯಷ್ಟು ದೊಡ್ಡ ಇಎಸ್‌ಪಿ8266 ಚಿಪ್ಪು. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಈ ಚಿಪ್ಪು 2014ರಲ್ಲಿ ಹವ್ಯಾಸಿಗಳ ಕೈಗೆ ಬಂತು. ವೈಫೈ ಎಂಬುದು ಕೆಲವು ನೂರು ರೂಪಾಯಿಯ ಸಾಮಾನಾದದ್ದು ಅಲ್ಲಿಂದಾಚೆ. ಈಗಿನ ಪೆಟ್ಟಿಗೆಗಳಲ್ಲಿ ಬೇರೆ ಚಿಪ್ಪುಗಳೂ ಬರುತ್ತವೆ, ಅವನ್ನು ಒಲಿಸಲು ಹೆಚ್ಚು ತಾಳ್ಮೆ ಬೇಕು. ನನ್ನ ಪೆಟ್ಟಿಗೆಯಲ್ಲಿದ್ದದ್ದು ಒಲಿಯುವ ಚಿಪ್ಪು.

ಬೆಸುಗೆಯ ಕಡ್ಡಿ ಕಾಯುವಾಗ ಬರುವ ವಾಸನೆಗೆ ನಾನು ಸೋತಿದ್ದೇನೆ. ಸೀಸದ ತಂತಿಯೊಳಗಿನ ರಾಳ ಕರಗಿ ಸಣ್ಣ ಹೊಗೆಯಾಗಿ ಏಳುತ್ತದೆ. ಅದು ಪೈನ್ ಮರದ ಅಂಟು. ನಮ್ಮ ಕಾಡಿನ ಧೂಪದ ಮರದ ಅಂಟನ್ನು ಕೆಂಡಕ್ಕೆ ಹಾಕಿದಾಗಿನ ಪರಿಮಳದ ದೂರದ ನೆಂಟ. ಲ್ಯಾಪ್‌ಟಾಪಿನ ಜೊತೆ ಮಾತಾಡಿಸಲು ಚಿಪ್ಪಿಗೆ ನಾಲ್ಕು ಸಪೂರ ತಂತಿ ಹಚ್ಚಬೇಕು: 3.3 ವೋಲ್ಟಿಗೊಂದು, ಗ್ರೌಂಡಿಗೊಂದು, ಕಳಿಸಲೊಂದು, ಕೇಳಿಸಿಕೊಳ್ಳಲೊಂದು. ಕೊನೆಯೆರಡನ್ನು ಅಡ್ಡಲಾಗಿ ಕೊಡಬೇಕು. ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ. ಶೂನ್ಯ ಎಂಬ ಹೆಸರಿನ ಕಾಲೊಂದನ್ನು ಗ್ರೌಂಡಿಗೆ ತಾಗಿಸಿ ಹಿಡಿದು ಶಕ್ತಿ ಕೊಟ್ಟರೆ ಚಿಪ್ಪು ತನ್ನ ಹಳೆಯ ಪಾಠ ಒಪ್ಪಿಸದೆ ಹೊಸ ಪಾಠಕ್ಕೆ ಕಾದು ಕೂರುತ್ತದೆ. ಇಷ್ಟೂ ಹೊತ್ತು ಗೋಡೆಯ ಕರೆಂಟು ಅದರ ಹತ್ತಿರ ಸುಳಿಯಬಾರದು. ಈ ಪೆಟ್ಟಿಗೆಗಳೊಳಗೆ ಗ್ರೌಂಡ್ ಎಂದು ಬರೆದಿರುವುದು ಎಷ್ಟೋ ಸಲ 230 ವೋಲ್ಟಿನ ತಂತಿಗೆ ನೇರ ಸೇರಿಕೊಂಡಿರುತ್ತದೆ. ಲ್ಯಾಪ್‌ಟಾಪೂ ಹೋದೀತು, ಜೀವವೂ ಹೋದೀತು. ಇದನ್ನು ಯಾರಿಗೆ ಕಲಿಸಿದರೂ ಮೊದಲ ವಾಕ್ಯವಾಗಿ ಹೇಳುತ್ತೇನೆ.

ಹೊಸ ಪಾಠವೆಂದರೆ ಇಎಸ್‌ಪಿಹೋಂ ಎಂಬ ತಂತ್ರಾಂಶದಲ್ಲಿ ಬರೆಯುವ ಇಪ್ಪತ್ತು ಮೂವತ್ತು ಸಾಲು. ಯಾವ ಕಾಲಿಗೆ ರಿಲೇ, ಯಾವ ಕಾಲಿಗೆ ಸ್ವಿಚ್ಚು, ವೈಫೈ ಹೆಸರೇನು, ಅಷ್ಟೆ. ಒಂದು ಸಾಲು ಎರಡಕ್ಷರ ಒಳಗೆ ಸರಿದಿರಬೇಕಾದಲ್ಲಿ ಸರಿಯದಿದ್ದರೆ ಒಪ್ಪುವುದಿಲ್ಲ. ನಾಲ್ಕು ಗೆರೆಯ ಕಾಪಿ ಪುಸ್ತಕದ ಶಿಸ್ತು. ಮೊದಲ ಸಲ ಎಲ್ಲ ಸರಿಯಾಗಿ, ಬರೆದದ್ದು ಚಿಪ್ಪಿಗಿಳಿದು, ರಿಲೇ ‘ಟಕ್’ ಎಂದಾಗ ನಾನು ಎದ್ದು ನಿಂತಿದ್ದೆ. ಗೋಡೆಯ ಸ್ವಿಚ್ಚನ್ನೂ ಅದೇ ಚಿಪ್ಪಿಗೆ ಜೋಡಿಸಿದೆ. ರೌಟರು ಸತ್ತರೂ, ಒಳಕೋಣೆಯ ಕಂಪ್ಯೂಟರು ಸತ್ತರೂ ಗೋಡೆಯ ಮೇಲೆ ಕೈಯಿಟ್ಟರೆ ದೀಪ ಹತ್ತಬೇಕು. ಅಪ್ಪಯ್ಯನ ಪ್ರಶ್ನೆಗೆ ಅದು ನನ್ನ ಮೊದಲ ಉತ್ತರ.

ಒಳಕೋಣೆಯ ಆ ಕಂಪ್ಯೂಟರೆಂದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ. ಇನ್ವರ್ಟರಿನ ಕರೆಂಟಲ್ಲಿ ಸದ್ದಿಲ್ಲದೆ ಓಡುತ್ತದೆ. ಅದರೊಳಗೆ ಹೋಂ ಅಸಿಸ್ಟೆಂಟ್, ಜೊತೆಗೆ ಮಸ್ಕಿಟೊ ಎಂಬ ಅಂಚೆಯವನು. ಈ ಅಂಚೆಯ ಭಾಷೆಗೆ ಎಂಕ್ಯೂಟಿಟಿ ಎಂದು ಹೆಸರು. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ಇದನ್ನು ಕಟ್ಟಿದ್ದು ತೈಲದ ಕೊಳವೆ ಸಾಲುಗಳನ್ನು ಉಪಗ್ರಹದ ಮೂಲಕ ಕಾಯುವುದಕ್ಕೆ. ಆ ಸಂಪರ್ಕ ದುಬಾರಿ, ನಂಬಿಕೆಯೂ ಕಡಿಮೆ. ಹಾಗಾಗಿ ಮಾತು ಚಿಕ್ಕದಿರಬೇಕು, ಕಡಿದುಹೋದರೂ ತಿಳಿಯಬೇಕು. ಮಲೆನಾಡಿಗೆಂದೇ ಮಾಡಿದ ಹಾಗಿದೆ.

ಇದರ ಎರಡು ಗುಣ ನನಗೆ ಮನುಷ್ಯರ ನಡತೆಯಂತೆ ಕಾಣುತ್ತವೆ. ಒಂದು, ಕೊನೆಯ ಮಾತನ್ನು ಇಟ್ಟುಕೊಳ್ಳುವುದು. ಬಾವಿಯ ನೀರು ಎಷ್ಟಿದೆಯೆಂದು ಸೆನ್ಸರ್ ಹೇಳಿಹೋದರೆ ಅಂಚೆಯವನು ಅದನ್ನು ನೆನಪಿಟ್ಟುಕೊಂಡು ಆಮೇಲೆ ಯಾರೇ ಕೇಳಲು ಬರಲಿ, ಬಂದ ಕೂಡಲೇ ತಿಳಿಸುತ್ತಾನೆ. ಜಗಲಿಯಲ್ಲಿ ಕೂತ ಅಜ್ಜಿಯ ಹತ್ತಿರ ಹೇಳಿ ಹೋದ ಹಾಗೆ. ಇನ್ನೊಂದು, ಪ್ರತಿ ಸಾಧನವೂ ಮೊದಲೇ ಒಂದು ಉಯಿಲು ಕೊಟ್ಟಿರುತ್ತದೆ: ನಾನು ಹೇಳದೆ ಕೇಳದೆ ಕಾಣೆಯಾದರೆ ಎಲ್ಲರಿಗೂ ಹೀಗೆಂದು ತಿಳಿಸು. ಅದು ಕಾಣೆಯಾದಾಗ ಅಂಚೆಯವನು ಉಯಿಲನ್ನು ಓದಿ ಹೇಳುತ್ತಾನೆ. ವಿಳಾಸಗಳನ್ನು ಯಾವ ಲಿಪಿಯಲ್ಲೂ ಬರೆಯಬಹುದೆಂದು ಗೊತ್ತಾದ ದಿನ ನಾನು ಹಳೆಯ ಇಂಗ್ಲಿಷ್ ಹೆಸರುಗಳನ್ನೆಲ್ಲ ಅಳಿಸಿ ಕೂತು ಬರೆದೆ. ಮನೆ/ಜಗಲಿ/ದೀಪ. ಮನೆ/ಬಚ್ಚಲು/ಹಂಡೆ. ತೋಟ/ಬಾವಿ/ಮೋಟರ್. ಪರದೆಯ ಮೇಲೆ ಆ ಸಾಲುಗಳು ಓಡುವುದನ್ನು ಸುಮ್ಮನೆ ನೋಡುತ್ತ ಕೂರುವುದುಂಟು. ಮನೆ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿರುತ್ತದೆ.

ನೆಟ್ ಇಲ್ಲದ ಮನೆಗೆ ಬರುವ ತೊಡಕುಗಳಲ್ಲಿ ನಾನು ಎಣಿಸದೇ ಇದ್ದದ್ದು ಹೊತ್ತಿನದು. ನಮ್ಮ ಪೈ ಮರಿಗೆ ಗಡಿಯಾರವಿಲ್ಲ; ಎದ್ದ ಕೂಡಲೇ ಇಂಟರ್‌ನೆಟ್ಟನ್ನು ಗಂಟೆ ಕೇಳುತ್ತದೆ. ಕರೆಂಟೂ ನೆಟ್ಟೂ ಒಟ್ಟಿಗೆ ಹೋಗಿ, ಇನ್ವರ್ಟರೂ ಬರಿದಾಗಿ, ಆಮೇಲೆ ಕರೆಂಟು ಮಾತ್ರ ಬಂದರೆ ಅದಕ್ಕೆ ಇವತ್ತು ಯಾವತ್ತೆಂದೇ ತಿಳಿಯದು. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ಡಿಎಸ್3231 ಎಂಬ ಪುಟ್ಟ ಗಡಿಯಾರದ ಚಿಪ್ಪು ತಂದೆ. ನಾಣ್ಯದಂಥ ಸೆಲ್ಲಿನ ಮೇಲೆ ವರ್ಷಗಟ್ಟಲೆ ನಡೆಯುತ್ತದೆ, ಸೆಖೆ ಚಳಿಗೆ ತಾನೇ ತಿದ್ದಿಕೊಳ್ಳುತ್ತದೆ, ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ಹಿಂದುಮುಂದು. ಈಗ ಮನೆಯ ಬಾಕಿ ಪೆಟ್ಟಿಗೆಗಳೆಲ್ಲ ಪೈಯನ್ನೇ ಗಂಟೆ ಕೇಳುತ್ತವೆ.

ಗಂಟೆ ಗೊತ್ತಾದರೆ ಸೂರ್ಯನೂ ಗೊತ್ತಾದ ಹಾಗೆ. ನಮ್ಮೂರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಸಂಜೆ ಎಷ್ಟು ಹೊತ್ತಿಗೆ ಸೂರ್ಯ ಮುಳುಗುತ್ತಾನೆಂದು ಹೋಂ ಅಸಿಸ್ಟೆಂಟ್ ತಾನೇ ಲೆಕ್ಕ ಹಾಕುತ್ತದೆ, ಯಾರನ್ನೂ ಕೇಳುವುದಿಲ್ಲ. ಜೂನಿನಲ್ಲಿ ಏಳರ ಹತ್ತಿರ, ಡಿಸೆಂಬರಿನಲ್ಲಿ ಆರು ದಾಟಿ ಹತ್ತು ನಿಮಿಷದ ಆಸುಪಾಸು. ಪಾಲಸ್ ಸ್ಕೌಟ್ಸೆನ್ 2013ರಲ್ಲಿ ಈ ತಂತ್ರಾಂಶ ಬರೆಯಲು ಹೊರಟದ್ದೂ ಹೊತ್ತು ಮುಳುಗುವಾಗ ಮನೆಯ ದೀಪ ತಾನಾಗಿ ಹತ್ತಲಿ ಎಂಬ ಆಸೆಯಿಂದಲೇ. ನನಗೆ ಗೋಡೆಯ ಮೊಳೆಗೆ ನೇತುಹಾಕಿದ ಪಂಚಾಂಗ ನೆನಪಾಗುತ್ತದೆ. ಉದಯ, ಅಸ್ತ, ತಿಥಿ, ಗ್ರಹಣ, ಎಲ್ಲ ಒಂದು ವರ್ಷ ಮೊದಲೇ ಕೂತು ಲೆಕ್ಕ ಹಾಕಿದ್ದು. ಆದರೆ ಆಷಾಢದ ಆಕಾಶ ಪಂಚಾಂಗದ ಮಾತು ಕೇಳುವುದಿಲ್ಲ. ನಾಲ್ಕೂವರೆಗೇ ಜಗಲಿ ಕಪ್ಪಾಗುತ್ತದೆ. ಅದಕ್ಕೆ ಮಾಡಿನ ಅಂಚಿನಲ್ಲಿ ಬೆಳಕು ಅಳೆಯುವ ಒಂದು ಸೆನ್ಸರ್ ಇಟ್ಟೆ. ಈಗ ದೀಪ ಸೂರ್ಯನ ಲೆಕ್ಕವನ್ನೂ ನೋಡುತ್ತದೆ, ಮೋಡವನ್ನೂ ನೋಡುತ್ತದೆ.

ಹಂಡೆಯ ವಿಷಯ ಹೇಳದಿದ್ದರೆ ಅಮ್ಮನಿಗೆ ಬೇಸರವಾದೀತು. ನಮ್ಮ ಬಚ್ಚಲಲ್ಲಿ ಈಗಲೂ ಸೌದೆ ಒಲೆ, ತಾಮ್ರದ ಹಂಡೆ. ಡಿಎಸ್18ಬಿ20 ಎಂಬ ಕಡ್ಡಿಯಂಥ ಉಷ್ಣಮಾಪಕವನ್ನು ಹಂಡೆಯ ಬಾಯಿಂದ ಇಳಿಬಿಟ್ಟೆ. ನೀರಿನ ಬಿಸಿ 45 ಡಿಗ್ರಿ ಮುಟ್ಟಿದರೆ ಅಡುಗೆಮನೆಯಲ್ಲಿ ಪುಟ್ಟ ಹಸಿರು ದೀಪ ಹತ್ತುತ್ತದೆ. ಅಮ್ಮ ಕೈ ಅದ್ದಿಯೇ ತಿಳಿಯುವವಳು, ಅವಳಿಗೆ ಇದು ಬೇಕಿರಲಿಲ್ಲ. ಆದರೂ ಬಂದ ನೆಂಟರಿಗೆ ಒಳಗಿಂದಲೇ “ನೀರು ಕಾದಿದೆ, ಮಿಂದು ಬನ್ನಿ” ಎನ್ನುವುದರಲ್ಲಿ ಅವಳಿಗೊಂದು ಖುಷಿಯಿದೆ.

ಬಾವಿಯ ಮೋಟರಿಗೆ ಮೊದಲು ಜಗಲಿಯ ಪೆಟ್ಟಿಗೆಯಲ್ಲಿದ್ದಂಥದೇ ಪುಟ್ಟ ರಿಲೇ ಹಾಕಿದ್ದೆ, ಮೋಟರು ಎಳೆಯುವ ಮೊದಲ ಹೊಡೆತಕ್ಕೆ ಅದರ ತುದಿಗಳು ಬೆಸೆದು ನಿಲ್ಲಿಸಲಾಗದೇ ಹೋಗಿತ್ತು. ಈಗ ದಪ್ಪ ಕಾಂಟ್ಯಾಕ್ಟರ್ ಇದೆ. ಬೇಸಿಗೆಯಲ್ಲಿ ನೀರು ತಳ ಕಂಡು ಮೋಟರ್ ಗಾಳಿ ಎಳೆದರೆ ಕರೆಂಟು ಎಳೆಯುವುದು ತಟ್ಟನೆ ಕಡಿಮೆಯಾಗುತ್ತದೆ. ಅದನ್ನು ಅಳೆದು ಅಲ್ಲಿಯ ಚಿಪ್ಪೇ ನಿಲ್ಲಿಸುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿಯದು ಅಮ್ಮನ ಮಂಚದ ಬದಿಯ ಗುಂಡಿ. ಅದರದು ವೈಫೈ ಅಲ್ಲ, ಜಿಗ್‌ಬೀ. ಜೇನುಹುಳ ಗೂಡಿಗೆ ಮರಳಿ ಕುಣಿದು ಹೂವಿನ ದಿಕ್ಕು ಹೇಳುವ ಕುಣಿತದಿಂದ ಬಂದ ಹೆಸರು. ಕಾರ್ಲ್ ಫಾನ್ ಫ್ರಿಶ್ ಆ ಕುಣಿತದ ಅರ್ಥ ಬಿಡಿಸಿದವರು, 1973ರ ನೊಬೆಲ್ ಪಡೆದವರು. ನಮ್ಮ ತೋಟದ ತುಡುವೆ ಪೆಟ್ಟಿಗೆಯ ಬಾಯಲ್ಲಿ ನಾನು ಅದನ್ನು ಹುಡುಕುತ್ತ ಕೂತದ್ದುಂಟು. ಕುಣಿತವಿರುವುದು ಒಳಗೆ, ಎರಿಯ ಮೇಲೆ, ಕತ್ತಲಲ್ಲಿ. ಜೇನುಹುಳ ಜೊತೆಯವಕ್ಕೆ ಸುದ್ದಿ ಮುಟ್ಟಿಸುವಂತೆ ಜಿಗ್‌ಬೀಯಲ್ಲೂ ಒಂದರ ಮಾತನ್ನು ಇನ್ನೊಂದು ದಾಟಿಸುತ್ತದೆ. ಗೋಡೆಯ ಕರೆಂಟಿನ ಮೇಲಿರುವ ಸಾಧನಗಳು ದಾಟಿಸುವ ಕೆಲಸ ಹೊರುತ್ತವೆ. ಸೆಲ್ಲಿನ ಮೇಲಿರುವ ಗುಂಡಿ ತನ್ನ ಮಾತಾಡಿ ಮತ್ತೆ ನಿದ್ದೆ ಹೋಗುತ್ತದೆ. ನಮ್ಮ ಮನೆಯ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ದಾಟಿಸಲು ನಡುಮನೆಯಲ್ಲೊಂದು, ಊಟದ ಕೋಣೆಯಲ್ಲೊಂದು ಪ್ಲಗ್ ಬೇಕಾಯಿತು.

ಅಮ್ಮ ರಾತ್ರಿ ಎದ್ದು ಗುಂಡಿ ಒತ್ತಿದರೆ ಬಚ್ಚಲ ದಾರಿಯುದ್ದಕ್ಕೂ ದೀಪಗಳು ಕಣ್ಣು ಕುಕ್ಕದಂತೆ ಮಂದವಾಗಿ ಹತ್ತುತ್ತವೆ. ಮಂಡಿನೋವಿನವಳು, ಹೊಸ್ತಿಲು ಎತ್ತರ. ಯಾವ ರಾತ್ರಿ ಎಷ್ಟು ಸಲ ಎದ್ದಳು, ಎಷ್ಟು ಹೊತ್ತಿಗೆ ಮರಳಿ ಮಲಗಿದಳು ಎಂಬುದೆಲ್ಲ ಆ ಗುಂಡಿಗೆ ಗೊತ್ತು, ಪೈಗೆ ಗೊತ್ತು. ಅಲ್ಲಿಗೆ ಮುಗಿಯಿತು. ಅಮ್ಮನ ನಿದ್ದೆಯ ಲೆಕ್ಕ ಸಮುದ್ರದಾಚೆಯ ಯಾವ ಕಡತದಲ್ಲೂ ಇರಬಾರದು. ಬಾಕಿ ಎಲ್ಲದರಲ್ಲೂ ನಾನು ಹೊಂದಿಕೊಂಡೇನು, ಇದರಲ್ಲಿ ಇಲ್ಲ. ರೌಟರಿನಲ್ಲಿ ಮನೆಯ ಸಾಧನಗಳಿಗೆಲ್ಲ ಹೊರಬಾಗಿಲು ಮುಚ್ಚಿದ್ದೇನೆ. ಇನ್ನೂ ಬಿಚ್ಚದ ಒಂದು ಪ್ಲಗ್ ಮಾತ್ರ ಗಳಿಗೆಗೊಮ್ಮೆ ಆ ಬಾಗಿಲು ತಟ್ಟುತ್ತಿರುತ್ತದೆ.

ಈ ಸಲದ ಆಷಾಢದಲ್ಲಿ ನೆಟ್ ಹೋಯಿತು. ಮೂರನೆಯ ದಿನ ಸಂಜೆ ಜಗಲಿಯ ದೀಪ ನಾಲ್ಕೂ ನಲವತ್ತಕ್ಕೆ ಹತ್ತಿಕೊಂಡಿತು. ಅಪ್ಪಯ್ಯ ಅದರಡಿಯಲ್ಲಿ ಅಡಕತ್ತರಿ ಹಿಡಿದು ಕೂತಿದ್ದರು.

“ನೆಟ್ ಹೋಗಿ ಮೂರು ದಿನ ಆಯ್ತು ಅಪ್ಪಯ್ಯ” ಎಂದೆ.

ತಲೆಯೆತ್ತಿ ದೀಪ ನೋಡಿದರು. “ಹೌದಾ?” ಎಂದರು. ಅಡಿಕೆ ಹೋಳು ಬಾಯಿಗಿಟ್ಟುಕೊಂಡು, “ಗೌರಿ ಗಬ್ಬ, ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಕೊಟ್ಟಿಗೆಗೂ ಒಂದು ಹಾಕು ಮಾರಾಯ. ಎದ್ದೆದ್ದು ಹೋಗಿ ನೋಡಬೇಕು.”

ಬೆಸುಗೆ ಕಡ್ಡಿ ಕಾಯಲಿಟ್ಟು, ಪರದೆಯ ಮೇಲೆ ಹೊಸ ವಿಳಾಸ ಬರೆದೆ: ಮನೆ/ಕೊಟ್ಟಿಗೆ/ದೀಪ.