ಡಮಾಮಿ ಬಡಿಯುವ ಕಾಡಿನೂರು

ಯಲ್ಲಾಪುರಕ್ಕೆ ಹೋದವರು ಸಾಮಾನ್ಯವಾಗಿ ಮಾಗೋಡು, ಸಾತೊಡ್ಡಿ ಜಲಪಾತ ನೋಡಿ ಹಿಂತಿರುಗುತ್ತಾರೆ. ಈ ಸಲ ನಾನು ಮತ್ತು ಆರನೇ ತರಗತಿಯ ಮೊಮ್ಮಗಳು ಹೋದದ್ದು ಒಂದು ವಾದ್ಯದ ಸದ್ದು ಕೇಳಲು. ಹುಬ್ಬಳ್ಳಿಯಿಂದ ಬಸ್ಸು ಕಲಘಟಗಿ ದಾಟಿತೆಂದರೆ ಬಯಲು ಮುಗಿದು ಮರಗಳು ಹತ್ತಿರ ಹತ್ತಿರ ಬರತೊಡಗುತ್ತವೆ. ಯಲ್ಲಾಪುರದಲ್ಲಿ ಇಳಿದು, ಪರಿಚಯದವರೊಬ್ಬರ ಜೀಪಿನಲ್ಲಿ ಸಿದ್ದಿಯರ ಕೇರಿಯೊಂದಕ್ಕೆ ಹೋದೆವು. ಅಡಿಕೆ ತೋಟದ ಅಂಚಿನಲ್ಲಿ ಹತ್ತಾರು ಹೆಂಚಿನ ಮನೆಗಳು, ಅಂಗಳದಲ್ಲಿ ಒಣಗಲು ಹಾಕಿದ ಬಣ್ಣಬಣ್ಣದ ಕೌದಿಗಳು. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ಹೊರದೇಶಗಳಲ್ಲೂ ಪ್ರದರ್ಶನ ಕಂಡಿದೆ.

ಗುಂಗುರು ಕೂದಲಿನ ಹುಡುಗಿಯೊಬ್ಬಳು ಓಡಿಬಂದಳು. ಇವರು ಯಾವ ದೇಶದವರು ಎಂದು ಮೊಮ್ಮಗಳು ನನ್ನ ಕಿವಿಯಲ್ಲಿ ಕೇಳುವಷ್ಟರಲ್ಲೇ ಆ ಹುಡುಗಿ ಅಚ್ಚ ಉತ್ತರ ಕನ್ನಡದ ಧಾಟಿಯಲ್ಲಿ, ನಿಮ್ಮದು ಯಾವೂರು ಎಂದು ಕೇಳಿಯೇಬಿಟ್ಟಳು!

ಮಕ್ಕಳೇ, ಸಿದ್ದಿಯರ ಹಿರಿಯರು ಪೂರ್ವ ಆಫ್ರಿಕಾದವರು. ಅರಬ್ ವರ್ತಕರು, ಪೋರ್ಚುಗೀಸರು ಅವರನ್ನು ಗುಲಾಮರನ್ನಾಗಿಸಿ ಹಡಗಿನಲ್ಲಿ ತಂದರು, ಗೋವೆಯಲ್ಲಿ ಮಾರಿದರು. ತಪ್ಪಿಸಿಕೊಂಡವರು ಘಟ್ಟದ ಈ ದಟ್ಟ ಕಾಡುಗಳಲ್ಲಿ ಬದುಕು ಕಟ್ಟಿಕೊಂಡರು. ಹುಟ್ಟಿದ ಊರಿನ ಹೆಸರು ಮರೆಯಿತು, ಹಳೆಯ ಮಾತು ಹೋಯಿತು. ಈಗ ಮನೆಯಲ್ಲಿ ಕೊಂಕಣಿ ಬೆರೆತ ನುಡಿ, ಪೇಟೆಯಲ್ಲಿ ಕನ್ನಡ. ಧರ್ಮವೂ ಒಂದೇ ಅಲ್ಲ. ಯಲ್ಲಾಪುರ, ಅಂಕೋಲಾ ಕಡೆ ಹಿಂದೂಗಳು. ಹಳಿಯಾಳದ ಕಡೆ ಮುಸ್ಲಿಮರು, ಕ್ರೈಸ್ತರು ಹೆಚ್ಚು.

ಹಾಗಾದರೆ ಇವರೆಲ್ಲ ಒಂದೇ ಜನ ಎನ್ನುವುದಕ್ಕೆ ಉಳಿದದ್ದೇನು? ಕೇರಿಯ ಹಿರಿಯಜ್ಜಿ ಮೂಲೆಯಲ್ಲಿದ್ದ ಡಮಾಮಿಯತ್ತ ಕೈ ತೋರಿಸಿದರು. ಮರದ ದಿಮ್ಮಿಯನ್ನು ಟೊಳ್ಳಾಗಿ ಕೊರೆದು ಚರ್ಮ ಬಿಗಿದ ವಾದ್ಯವದು. ಹಿಂದೆ ಜಿಂಕೆಯ ಚರ್ಮ ಬಳಸುತ್ತಿದ್ದರಂತೆ. ನಾವು ನೋಡಿದ್ದಕ್ಕೆ ಆಡಿನ ಚರ್ಮ. ಕುಣಿತಕ್ಕೂ ಅದರದ್ದೇ ಹೆಸರು. ಅಜ್ಜಿಯ ಪ್ರಕಾರ ಡಮಾಮಿ ಮೊಳಗಿದರೆ ಯಾರ ದೇವರು ಯಾರು ಎಂದು ಯಾರೂ ಕೇಳುವುದಿಲ್ಲ, ಎಲ್ಲರೂ ಅಂಗಳಕ್ಕೆ ಬರುತ್ತಾರೆ.

ಅಂದು ಸಂಜೆ ಮೊದಲು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದರು. ಸದ್ದು ಮಂದವಾಗಿ ಶುರುವಾಗಿ, ಬರಬರುತ್ತಾ ಎದೆಯೊಳಗೇ ಬಡಿದಂತಾಯಿತು. ಹೆಂಗಸರು ಸೀರೆಯ ಸೆರಗು ಸಿಕ್ಕಿಸಿ, ಹಾಡುತ್ತಲೇ ಬಾಗಿ ಹೆಜ್ಜೆ ಹಾಕಿದರು. ಒಂದು ಹಾಡು ಜೇನು ಕೀಳುವುದರ ಬಗ್ಗೆ, ಇನ್ನೊಂದು ಗದ್ದೆ ಕೆಲಸದ ಬಗ್ಗೆ. ಅತ್ತೆಯನ್ನು ಅಣಕಿಸುವ ಹಾಡು ಬಂದಾಗ ಅತ್ತೆಯಂದಿರೇ ಜೋರಾಗಿ ನಕ್ಕರು. ನೋಡುವವರು, ಕುಣಿಯುವವರು ಎಂಬ ಗೆರೆ ಅಲ್ಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮೊಮ್ಮಗಳೂ ಪಕ್ಕದಲ್ಲಿರಲಿಲ್ಲ!

ಈ ಜನರನ್ನು ಹೊರಗಿನವರು ದೂರವಿಟ್ಟ ಕಾಲ ಬಹಳ ಹಿಂದಿನದೇನಲ್ಲ. 1980ರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಯರಿಂದಲೇ ನಾಟಕವೊಂದನ್ನು ಆಡಿಸಿದರು. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ 'ಕಪ್ಪು ಜನ ಕೆಂಪು ನೆರಳು' ಅದು. ಅಂಗಳದ ಹೆಜ್ಜೆ ರಂಗಕ್ಕೆ ಬಂತು, ಊರವರು ಎದುರು ಕುಳಿತು ನೋಡಿದರು. ಆಮೇಲೆ ಸಿದ್ದಿ ಯುವಕ ಯುವತಿಯರು ಹೆಗ್ಗೋಡಿನ ನೀನಾಸಂನಂಥ ಕಡೆಗಳಲ್ಲಿ ಕಲಿತು ನಟರಾದರು. ಗಿರಿಜಾ ಸಿದ್ದಿ ಹಿಂದೂಸ್ತಾನಿ ಗಾಯಕಿಯೂ ಆದರು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಕುಣಿದದ್ದರಿಂದಲೇ ಇದೆಲ್ಲ ಸಿಕ್ಕಿತು ಎಂದು ನಾನು ಹೇಳಲಾರೆ. ಅದಕ್ಕೆ ಅರ್ಜಿ, ಸಭೆ, ಓಡಾಟ ಎಲ್ಲವೂ ಬೇಕಾಗಿತ್ತು. ಆದರೆ ಚದುರಿದ ಕೇರಿಗಳ ಜನ ಒಂದೆಡೆ ಸೇರಬೇಕಾದರೆ ಕರೆಯುವ ದನಿಯೊಂದು ಬೇಕಲ್ಲವೇ?

ವೇದಿಕೆಯ ಕತೆಯಲ್ಲಿ ನನಗೆ ಹಿಡಿಸದ ಸಂಗತಿಯೂ ಒಂದಿದೆ. ಡಮಾಮಿ ಬಡಿಯುತ್ತಿದ್ದ ಹುಡುಗನ ಮೊಬೈಲಿನಲ್ಲಿ ಉತ್ಸವವೊಂದರ ಚಿತ್ರವಿತ್ತು. ಸೊಂಟಕ್ಕೆ ಸೊಪ್ಪು, ಮುಖದ ಮೇಲೆ ಬಿಳಿ ಚುಕ್ಕಿ. ಮನೆಯಲ್ಲಿ ಹೀಗೆ ಕುಣಿಯುತ್ತೀರಾ ಎಂದು ಮೊಮ್ಮಗಳು ಕೇಳಿದಳು. ಇಲ್ಲ, ಕರೆದವರು ಕೇಳುತ್ತಾರೆ, ಸೊಪ್ಪಿದ್ದರೆ ಚಪ್ಪಾಳೆ ಜಾಸ್ತಿ ಎಂದು ಅವನು ನಕ್ಕ. ತಂಡಕ್ಕೆ ನಾಲ್ಕು ಕಾಸು ಬರುತ್ತದೆ, ಬೇಡವೆನ್ನುವುದು ಸುಲಭವಲ್ಲ. ಆದರೂ ಅಂಗಳದಲ್ಲಿ ಸೀರೆಯುಟ್ಟು ಕುಣಿದ ಆ ಅಜ್ಜಿಯನ್ನು ಹಾಗೇ ಕರೆದು ಕೂರಿಸಿ, ಹಾಡಿನ ಅರ್ಥ ಕೇಳುವ ವೇದಿಕೆ ಎಷ್ಟಿವೆ? ಈಗ ಶಾಲೆಗಳಿಂದ ಕರೆ ಬಂದರೆ ಅವರ ತಂಡ ಮನೆಯ ಬಟ್ಟೆಯಲ್ಲೇ ಹೋಗುತ್ತದಂತೆ. ಪ್ರತಿ ಹಾಡಿಗೂ ಮುಂಚೆ ಒಬ್ಬರು ಎದ್ದು ನಿಂತು ಅದರ ಕತೆ ಹೇಳುತ್ತಾರಂತೆ.

ಹೊರಡುವಾಗ ಆ ಹುಡುಗಿ ನನ್ನ ಮೊಮ್ಮಗಳನ್ನು ಕೇಳಿದಳು: ನಿಮ್ಮ ಮನೆಯ ಕುಣಿತ ಯಾವುದು? ಬಸ್ಸಿನಲ್ಲಿ ಕಲಘಟಗಿ ಬರುವವರೆಗೂ ಮೊಮ್ಮಗಳು ಅದನ್ನೇ ನನ್ನ ಹತ್ತಿರ ಕೇಳುತ್ತಿದ್ದಳು.