ಸೋರುವ ಜಾಗ



ಕಾರಿನ ರಿಪೇರಿಯ ಬಗ್ಗೆ ಇಲ್ಲಿ ಬರೆದೇನೆಂದು ನಾನೇ ಎಣಿಸಿರಲಿಲ್ಲ. ಕಲಬುರಗಿಯ ಬೇಸಿಗೆಯನ್ನು ನೀವು ಬಲ್ಲಿರಿ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ನನ್ನ ಮಡದಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ನಮ್ಮ ಹನ್ನೆರಡು ವರ್ಷದ ಹಳೆಯ ಕಾರಿನ ಎ.ಸಿ.ಯೋ ಬಿಸಿಗಾಳಿಯನ್ನೇ ಊದುತ್ತಿತ್ತು. ಆಕೆ ಬೆವರಿನಲ್ಲಿ ತೊಯ್ದು, ಒಂದು ಮಾತೂ ಆಡದೆ ಕುಳಿತಿರುತ್ತಿದ್ದಳು. ಆ ಮೌನವೇ ನನ್ನನ್ನು ಹೆಚ್ಚು ಬಾಧಿಸಿತು.

ಹಿಂದಿನ ಎರಡು ಬೇಸಿಗೆಗಳಲ್ಲೂ ಗ್ಯಾಸ್ ತುಂಬಿಸಿದ್ದೆ. ಕೆಲವು ವಾರ ತಂಪು, ಅನಂತರ ಯಥಾಪ್ರಕಾರ. ಈ ಬಾರಿ ನೆರೆಯವರು ತೋರಿಸಿದ ಬೇರೊಬ್ಬ ಮೆಕ್ಯಾನಿಕ್ಕನ ಬಳಿಗೆ ಹೋದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವನಂತೆ.

"ಸರ್, ಗ್ಯಾಸ್ ಪೆಟ್ರೋಲಿನಂಗ ಖರ್ಚಾಗಂಗಿಲ್ರಿ. ಕಡಿಮಿ ಆಗ್ಯದಂದ್ರ ಎಲ್ಲೋ ಸೋರ್ಲಿಕತ್ತದ. ಮೊದಲ ಆ ಜಾಗಾ ಹುಡುಕೋಣ್ರಿ," ಎಂದ.

ಉಳಿದ ಗ್ಯಾಸನ್ನು ಯಂತ್ರದಿಂದ ಹೊರತೆಗೆದು, ಕೊಳವೆಗಳಲ್ಲಿ ಒತ್ತಡದಿಂದ ನೈಟ್ರೋಜನ್ ತುಂಬಿದ. ಬಾನೆಟ್ಟಿನ ಒಳಗಿನ ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಆದರೆ ಮೀಟರಿನ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಹಾಗಾದರೆ ದೋಷ ಡ್ಯಾಶ್‌ಬೋರ್ಡಿನ ಹಿಂದೆ, ಕಣ್ಣಿಗೆ ಬೀಳದ ಇವಾಪರೇಟರಿನಲ್ಲಿ ಎಂದು ಊಹಿಸಿದ. ಅದನ್ನು ತಲುಪಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಯಿತು. ಹೊರಬಂದ ಅಲ್ಯೂಮಿನಿಯಮ್ ಪೆಟ್ಟಿಗೆಯ ಸಣ್ಣ ರೆಕ್ಕೆಗಳ ನಡುವೆ ಧೂಳು, ಎಲೆಯ ಚೂರು. ಸದಾ ತೇವವಾಗಿದ್ದ ಆ ಕಸದಡಿ ಲೋಹ ಸವೆದಿತ್ತು. ಒಂದು ಮೂಲೆಯಲ್ಲಿ ಎಣ್ಣೆಯ ಕಲೆ. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಜಿನುಗಿ ಜಾಗವನ್ನು ತೋರಿಸಿಕೊಟ್ಟಿತ್ತು.

ಹೊಸ ಇವಾಪರೇಟರು, ಎಕ್ಸ್‌ಪ್ಯಾನ್ಷನ್ ವಾಲ್ವು, ಎಣ್ಣೆ ಸವರಿದ ಹೊಸ ರಬ್ಬರ್ ಉಂಗುರಗಳು. ಬಳಿಕ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪು ಓಡಿಸಿ ಒಳಗಿನ ಗಾಳಿಯನ್ನೂ ತೇವವನ್ನೂ ಸೆಳೆದ. ಪಂಪು ನಿಲ್ಲಿಸಿದ ಮೇಲೂ ಮುಳ್ಳು ಕದಲಲಿಲ್ಲ. ಆಮೇಲಷ್ಟೇ ಬಾನೆಟ್ಟಿನ ಚೀಟಿಯಲ್ಲಿದ್ದ ಪ್ರಮಾಣದಂತೆ, ತಕ್ಕಡಿಯಲ್ಲಿ ತೂಗಿ ಆರ್-134ಎ ಗ್ಯಾಸ್ ತುಂಬಿದ. ವಾತಾವರಣದ ಒತ್ತಡದಲ್ಲಿ ಸುಮಾರು -26 ಡಿಗ್ರಿಯಲ್ಲೇ ಕುದಿಯುವ ದ್ರವ ಅದು. ಕುದಿಯಲು ಬೇಕಾದ ಶಾಖವನ್ನು ಒಳಗಿನ ಗಾಳಿಯಿಂದ ಕಸಿಯುತ್ತದೆ. ಅಂಗೈ ಮೇಲೆ ಸ್ಪಿರಿಟ್ ಹಾಕಿ ನಿಮಗೆ ನಾನು ಕಲಿಸಿದ್ದ ಪಾಠವೇ ಇದು.

ಅಂದು ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ಒಬ್ಬ ಹುಡುಗ ನೆನಪಾದ. ಎಂಟನೆಯ ತರಗತಿ, ಕೊನೆಯ ಬೆಂಚು, ಲೆಕ್ಕದಲ್ಲಿ ಸದಾ ಹಿಂದೆ. ಸಂಜೆ ನಿಲ್ಲಿಸಿಕೊಂಡು ಅದೇ ಲೆಕ್ಕಗಳನ್ನು ಮತ್ತೆ ಮತ್ತೆ ಹೇಳಿಕೊಟ್ಟೆ. ಗದರಿದೆ, ಒಮ್ಮೆ ಹೊಡೆದೆ ಕೂಡ. ಅವನು ಶಾಲೆ ಬಿಟ್ಟ. ಮರುವರ್ಷ ಊರಿನ ನೇತ್ರ ತಪಾಸಣೆ ಶಿಬಿರದಲ್ಲಿ ಅವನಿಗೆ ಕನ್ನಡಕ ಬಂತೆಂದು ಅವನ ತಂಗಿ ಹೇಳಿದಳು. ಕಪ್ಪುಹಲಗೆಯ ಮೇಲಿನ ಅಂಕಿಗಳು ಅವನಿಗೆ ಕಂಡೇ ಇರಲಿಲ್ಲ. ನಾನೂ ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿದವನೇ.

ಈಗ ಕಾರು ತಂಪಾಗಿದೆ. ಮೊದಲ ದಿನ ಮಡದಿ ದಾರಿಯುದ್ದಕ್ಕೂ ಮಾತಾಡಿದಳು. ಆ ಹುಡುಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ಮೇಷ್ಟ್ರು ಕೇಳಿದರೆಂದು ತಿಳಿಸಿ. ಕ್ಷಮೆಯನ್ನು ನಾನೇ ಅವನ ಮನೆಗೆ ಹೋಗಿ ಕೇಳುತ್ತೇನೆ.